ಜ್ವರದಲ್ಲಿ ಮಾಡ್ಸಿದ ಐರನ್ ರಿಪೋರ್ಟ್ ಓದೋದು ಹೇಗೆ

ಜ್ವರ ಅಂತ ರಕ್ತ ಕೊಡೋಕೆ ಹೋಗಿರ್ತೀವಿ, ಲ್ಯಾಬ್‌ನವ್ರು ಹೆಂಗೂ ಸೂಜಿ ಚುಚ್ತಾ ಇದೀವಿ ಪ್ಯಾಕೇಜ್ ಆಫರ್ ಇದೆ ಎಲ್ಲಾ ಮಾಡ್ಸಿಬಿಡಿ ಅಂತಾರೆ, ಸಂಜೆ ವಾಟ್ಸಾಪಿಗೆ ಪಿಡಿಎಫ್ ಬರುತ್ತೆ, ನೋಡಿದ್ರೆ ಸೀರಮ್ ಐರನ್ (ರಕ್ತದಲ್ಲಿ ಆಗ ಓಡಾಡ್ತಿರೋ ಐರನ್) ಎದುರಿಗೆ ದಪ್ಪಕ್ಷರದಲ್ಲಿ ಲೋ. ಅಷ್ಟೊತ್ತಿಗೆ ಮನೇಲಿ ಯಾರಾದ್ರೂ ಒಬ್ರು ಮೆಡಿಕಲ್ ಶಾಪಿಗೆ ಹೋಗಿ ಐರನ್ ಟಾನಿಕ್ ತಂದಾಗಿರುತ್ತೆ. ಬಾಟ್ಲಿ ಮುಚ್ಚಳ ತೆಗೆಯೋ ಮುಂಚೆ ಇದನ್ನ ಓದ್ಬಿಡಿ.

ಜ್ವರ ತರೋ ಬ್ಯಾಕ್ಟೀರಿಯಾಗೂ ಬೆಳೆಯೋಕೆ ಐರನ್ ಬೇಕೇ ಬೇಕು. ದೊಡ್ಡವರ ಮೈಯಲ್ಲಿ 3ರಿಂದ 4 ಗ್ರಾಂ ಐರನ್ ಇದ್ರೂ ಅದು ಬಿಡಿಯಾಗಿ ಓಡಾಡ್ಕೊಂಡಿರಲ್ಲ, ಮೂರರಲ್ಲಿ ಎರಡು ಪಾಲು ಹಿಮೋಗ್ಲೋಬಿನ್ ಒಳಗಿರುತ್ತೆ, ಸ್ಟಾಕ್ ಫೆರಿಟಿನ್‌ನಲ್ಲಿರುತ್ತೆ, ರಕ್ತದಲ್ಲಿ ಸಾಗಿಸೋದು ಟ್ರಾನ್ಸ್‌ಫೆರಿನ್ ಅನ್ನೋ ಪ್ರೋಟೀನು. ಹಂಗಾಗಿ ಒಂದೊಂದು ಬ್ಯಾಕ್ಟೀರಿಯಾ ಒಂದೊಂದು ದಾರಿ ಹಿಡಿದಿದೆ. ಯೂರಿನ್ ಇನ್‌ಫೆಕ್ಷನ್ ಮಾಡೋ ಇ. ಕೋಲೈ ಎಂಟೆರೋಬ್ಯಾಕ್ಟಿನ್ ಅಂತ ಒಂದು ಚಿಕ್ಕ ಕೆಮಿಕಲ್ ಹೊರಗೆ ಬಿಡುತ್ತೆ, ಅದು ಟ್ರಾನ್ಸ್‌ಫೆರಿನ್ ಹಿಡ್ಕೊಂಡಿರೋ ಐರನ್ನನ್ನೇ ಕಿತ್ಕೊಂಡು ವಾಪಸ್ ಬರುತ್ತೆ. ನಮ್ಮ ಮೈ ಸುಮ್ನಿರಲ್ಲ, ಲಿಪೋಕ್ಯಾಲಿನ್-2 ಅನ್ನೋ ಪ್ರೋಟೀನ್ ಬಿಟ್ಟು ಆ ಎಂಟೆರೋಬ್ಯಾಕ್ಟಿನ್ನನ್ನ ಹಿಡಿದುಹಾಕುತ್ತೆ. ಸಾಲ್ಮೊನೆಲ್ಲಾ ಇನ್ನೂ ಚಾಲಾಕಿ, ಅದೇ ಕೆಮಿಕಲ್‌ಗೆ ಗ್ಲೂಕೋಸ್ ಅಂಟಿಸಿ ಕಳಿಸುತ್ತೆ, ಆಗ ಲಿಪೋಕ್ಯಾಲಿನ್ ಕೈಗೆ ಸಿಗಲ್ಲ! ಕುರು ಮಾಡೋ ಸ್ಟೆಫೈಲೋಕಾಕಸ್ ಕೆಂಪು ರಕ್ತಕಣ ಒಡೆದು ಹಿಮೋಗ್ಲೋಬಿನ್‌ನಿಂದಲೇ ಎತ್ಕೊಳ್ಳುತ್ತೆ.

ಇದಕ್ಕೆ ಮೈ ಮಾಡೋ ದೊಡ್ಡ ಕೆಲಸ ಏನಂದ್ರೆ ಲಿವರ್‌ನಿಂದ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಜಾಸ್ತಿ ಬಿಡೋದು. ಊರಲ್ಲಿ ಕಳ್ಳರ ಕಾಟ ಅಂತ ಗೊತ್ತಾದ್ರೆ ಒಡವೆ ಎಲ್ಲಾ ಬೀರುಗೆ ಹಾಕಿ ಬೀಗ ಜಡೀತೀವಲ್ಲ, ಅದೇ ಥರ. ಕರುಳಿಂದ ಐರನ್ ಒಳಗೆ ಬರೋದು ಕಮ್ಮಿ, ಸ್ಟಾಕ್‌ನಿಂದ ಹೊರಗೆ ಹೋಗೋದೂ ಕಮ್ಮಿ, ಕೆಲವೇ ಗಂಟೆಗಳಲ್ಲಿ ಸೀರಮ್ ಐರನ್ ಇಳಿಯುತ್ತೆ. ಅಂದ್ರೆ ರಿಪೋರ್ಟಲ್ಲಿ ಕಾಣೋ ಆ ಲೋ ನಿಮ್ಮ ಮೈ ಬೇಕಂತಲೇ ಮಾಡಿರೋದು ಇರಬಹುದು.

ಈಗ ರಿಪೋರ್ಟ್ ತೆಗೀರಿ. ಸೀರಮ್ ಐರನ್ ಒಂದನ್ನೇ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ, ಅದು ಬೆಳಿಗ್ಗೆಗೂ ಸಂಜೆಗೂ ಬದಲಾಗುತ್ತೆ, ಐರನ್ ಮಾತ್ರೆ ನುಂಗಿ ಹೋದ್ರೆ ಸುಮ್‌ಸುಮ್ನೆ ಜಾಸ್ತಿ ತೋರಿಸುತ್ತೆ. ಮೊದಲು ಹುಡುಕಬೇಕಾಗಿರೋದು ಸಿಆರ್‌ಪಿ, ಅಂದ್ರೆ ಮೈಯಲ್ಲಿ ಉರಿಯೂತ ಇದ್ದಾಗ ರಕ್ತದಲ್ಲಿ ಏರೋ ಒಂದು ಪ್ರೋಟೀನು. 5 ಮಿಲಿಗ್ರಾಂ ಪರ್ ಲೀಟರ್‌ಗಿಂತ ಜಾಸ್ತಿ ಇದ್ರೆ ಒಳಗೆ ಉರಿಯೂತ ನಡೀತಿದೆ ಅಂತ ಲೆಕ್ಕ. ಕೆಲವು ಲ್ಯಾಬ್‌ನವ್ರು ಡೆಸಿಲೀಟರ್‌ನಲ್ಲಿ ಕೊಡ್ತಾರೆ, ಅಲ್ಲಿ ಅದೇ 0.5 ಆಗುತ್ತೆ, ಯೂನಿಟ್ ನೋಡ್ಕೊಳ್ಳಿ. ಪ್ಯಾಕೇಜ್‌ನಲ್ಲಿ ಅರವತ್ತೆಪ್ಪತ್ತು ಟೆಸ್ಟ್ ತುಂಬಿರ್ತಾರೆ, ಎಷ್ಟೋ ಸಲ ಸಿಆರ್‌ಪಿನೇ ಇರಲ್ಲ, ನನಗಂತೂ ಇದಕ್ಕೇ ಸಿಟ್ಟು ಬರೋದು.

ಆಮೇಲೆ ಫೆರಿಟಿನ್. ಇದು ಸ್ಟಾಕ್ ಎಷ್ಟಿದೆ ಅಂತ ಹೇಳೋ ಟೆಸ್ಟ್, ಆದ್ರೆ ಇನ್‌ಫೆಕ್ಷನ್ ಇದ್ರೆ ತಾನಾಗೇ ಏರುತ್ತೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಎರಡು ಗೆರೆ ಹಾಕಿದೆ: ಆರೋಗ್ಯವಾಗಿರೋ ದೊಡ್ಡವರಿಗೆ 15ಕ್ಕಿಂತ (ನ್ಯಾನೋಗ್ರಾಂ ಪರ್ ಎಂಎಲ್ ಲೆಕ್ಕದಲ್ಲಿ) ಕಮ್ಮಿ ಇದ್ರೆ ಐರನ್ ಕೊರತೆ, ಇನ್‌ಫೆಕ್ಷನ್ ಅಥವಾ ಉರಿಯೂತ ಇದ್ದಾಗ 70ಕ್ಕಿಂತ ಕಮ್ಮಿ ಇದ್ರೂ ಕೊರತೆ ಅಂತ ಅನುಮಾನ ಪಡಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಇದೇ 12 ಮತ್ತು 30.

ಮೂರನೇದು ಟಿಐಬಿಸಿ, ಅಂದ್ರೆ ರಕ್ತದಲ್ಲಿರೋ ಟ್ರಾನ್ಸ್‌ಫೆರಿನ್ ಒಟ್ಟು ಎಷ್ಟು ಐರನ್ ಹೊರಬಹುದು ಅನ್ನೋ ಲೆಕ್ಕ. ಸೀರಮ್ ಐರನ್ನನ್ನ ಟಿಐಬಿಸಿಯಿಂದ ಭಾಗಿಸಿ ನೂರರಿಂದ ಗುಣಿಸಿದ್ರೆ ಸ್ಯಾಚುರೇಶನ್ (ಅದರಲ್ಲಿ ನೂರಕ್ಕೆ ಎಷ್ಟು ಪಾಲು ತುಂಬಿದೆ ಅನ್ನೋದು) ಸಿಗುತ್ತೆ, ಸಾಮಾನ್ಯವಾಗಿ 30 ಪರ್ಸೆಂಟ್ ಹತ್ತಿರ ಇರುತ್ತೆ. ಉದಾಹರಣೆಗೆ ಜ್ವರ ಇರೋ ಇಬ್ಬರು ಹೆಂಗಸರ ರಿಪೋರ್ಟ್ ಅಂದ್ಕೊಳ್ಳಿ, ಇಬ್ಬರಿಗೂ ಸಿಆರ್‌ಪಿ 60, ಸೀರಮ್ ಐರನ್ 30. ಮೊದಲನೆಯವರಿಗೆ ಟಿಐಬಿಸಿ 210, ಫೆರಿಟಿನ್ 380. ಸ್ಯಾಚುರೇಶನ್ 14 ಪರ್ಸೆಂಟ್, ಕಮ್ಮಿನೇ, ಆದ್ರೆ ಸ್ಟಾಕ್ ಇದೆ, ಮೈ ಬೀಗ ಹಾಕಿ ಕೂತಿದೆ ಅಷ್ಟೇ, ಇವರಿಗೆ ಬೇಕಿರೋದು ಇನ್‌ಫೆಕ್ಷನ್‌ಗೆ ಟ್ರೀಟ್‌ಮೆಂಟ್. ಎರಡನೆಯವರಿಗೆ ಟಿಐಬಿಸಿ 400, ಫೆರಿಟಿನ್ 45. ಲ್ಯಾಬ್ ಶೀಟ್‌ನಲ್ಲಿ ಆ 45ರ ಎದುರಿಗೆ ನಾರ್ಮಲ್ ಅಂತಲೇ ಬಂದಿರುತ್ತೆ, ಆದ್ರೆ ಸಿಆರ್‌ಪಿ ಇಷ್ಟು ಏರಿರೋವಾಗ 45 ಅಂದ್ರೆ ನಿಜವಾದ ಸ್ಟಾಕ್ ಖಾಲಿ ಆಗಿರೋ ಚಾನ್ಸೇ ಜಾಸ್ತಿ, ಸ್ಯಾಚುರೇಶನ್ನೂ 7.5 ಪರ್ಸೆಂಟ್ ಅಷ್ಟೇ.

ಹಿಮೋಗ್ಲೋಬಿನ್, ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) ಎರಡನ್ನೂ ಒಂದ್ಸಲ ನೋಡಿ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಎರಡು ದಿನದ ಜ್ವರಕ್ಕೆ ಕಣ ಚಿಕ್ಕದಾಗಲ್ಲ. ಎಂಸಿವಿ ಕಮ್ಮಿ ಇದ್ರೆ ತೊಂದರೆ ಹಳೇದು, ಒಂದೋ ಐರನ್ ಕೊರತೆ, ಇಲ್ಲಾ ಹುಟ್ಟಿನಿಂದಲೇ ಬರೋ ಥಲಸ್ಸೀಮಿಯಾ ಮೈನರ್ ಥರದ್ದು.

ಅರ್ಜೆಂಟ್ ಇಲ್ಲದಿದ್ರೆ ಐರನ್ ಟೆಸ್ಟನ್ನ ಹುಷಾರಾಗಿ ಮೂರ್ನಾಲ್ಕು ವಾರ ಆದ್ಮೇಲೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಸಿಆರ್‌ಪಿ ಜೊತೆಗೆ ಮತ್ತೆ ಮಾಡ್ಸಿ, ಹಳೇ ರಿಪೋರ್ಟೂ ಡಾಕ್ಟರಿಗೆ ತೋರಿಸಿ. ಇದನ್ನೆಲ್ಲಾ ಓದಿ ಬಸುರಿ ಹೆಂಗಸರು ಸರ್ಕಾರದಿಂದ ಕೊಡೋ ಕೆಂಪು ಐರನ್ ಮಾತ್ರೆನ ತಾವೇ ನಿಲ್ಲಿಸಬಾರದು, ಜ್ವರ ಇದ್ರೆ ಡಾಕ್ಟರನ್ನ ಕೇಳಿ ಮುಂದುವರಿಸಿ. ಡ್ರಿಪ್‌ನಲ್ಲಿ ಹಾಕೋ ಐರನ್ ಕರುಳಿನ ಬೀಗ ದಾಟಿ ನೇರ ರಕ್ತಕ್ಕೇ ಹೋಗೋದ್ರಿಂದ ಇನ್‌ಫೆಕ್ಷನ್ ಜೋರಾಗಿರೋವಾಗ ಸಾಮಾನ್ಯವಾಗಿ ಮುಂದಕ್ಕೆ ಹಾಕ್ತಾರೆ, ಬುಕ್ ಮಾಡಿದ ದಿನ ಜ್ವರ ಇದ್ರೆ ಮುಚ್ಚಿಡದೆ ಹೇಳಿಬಿಡಿ. ಥಲಸ್ಸೀಮಿಯಾಗೆ ಡೆಸ್ಫೆರಾಲ್ (ಮೈಯಲ್ಲಿ ಜಾಸ್ತಿಯಾದ ಐರನ್ ಹಿಡಿದು ಹೊರಗೆ ಹಾಕೋ ಔಷಧಿ) ಪಂಪ್ ಹಾಕ್ಕೊಳ್ಳೋರಿಗೆ ಜ್ವರ ಬಂದ್ರೆ ಪಂಪ್ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಬೇಕು, ಯಾಕಂದ್ರೆ ಆ ಔಷಧಿ ಹಿಡ್ಕೊಂಡ ಐರನ್ನನ್ನ ಯೆರ್ಸಿನಿಯಾ ಅನ್ನೋ ಬ್ಯಾಕ್ಟೀರಿಯಾ ಸಲೀಸಾಗಿ ಬಳಸ್ಕೊಳ್ಳುತ್ತೆ.