ಹನ್ನೆರಡು ಅಕ್ಷರವೆಂದಾಗ ನಕ್ಕವರು

ಹಾಸನದ ಬಿ.ಎಂ. ರಸ್ತೆಯ ಮಹಡಿಯೊಂದರಿಂದ ನಾವು ಮೂವರು ನಡೆಸುವ ಆನ್‌ಲೈನ್ ಚೌಕಾಬಾರಕ್ಕೆ ಈಗ ಸುಮಾರು 40,000 ಖಾತೆಗಳಿವೆ. ಪಾಸ್‌ವರ್ಡ್ ಕನಿಷ್ಠ 12 ಅಕ್ಷರವಿರಲಿ, ಬೇರೆ ಯಾವ ಷರತ್ತೂ ಬೇಡ ಎಂದು ನಾನು ಹೇಳಿದಾಗ ಪಾಲುದಾರರಿಬ್ಬರೂ ನಕ್ಕರು. ಕವಡೆ ಬಿಡಲು ಬಂದವರಿಗೆ ಬ್ಯಾಂಕಿನ ಕಟ್ಟಳೆ ಹಾಕಿದರೆ ಅರ್ಧ ಜನ ಬಂದ ದಾರಿಯಲ್ಲೇ ಹೋಗುತ್ತಾರೆ ಎಂದರು.

ನಕ್ಕವರು ಅದರ ಬದಲು ಹಿಡಿದ ನಿಯಮಕ್ಕೆ ನಾವು ತೆತ್ತ ಬೆಲೆ ಚಿಕ್ಕದಲ್ಲ. ದೊಡ್ಡಕ್ಷರ, ಅಂಕಿ, ಚಿಹ್ನೆ ತಲಾ ಒಂದಿರಬೇಕೆಂದಾಗ ಆಟಗಾರರು ಊರಿನ ಹೆಸರಿಗೆ '@123' ಅಂಟಿಸಿದರು. ಎರಡು ತಿಂಗಳಿಗೊಮ್ಮೆ ಬದಲಿಸಿ ಎಂದಾಗ ಅದು '@124' ಆಯಿತು. ಮರೆತವರಿಗೆ ಒಟಿಪಿ ಕಳುಹಿಸಲು ಒಂದಕ್ಕೆ 20 ಪೈಸೆಯಂತೆ ಮೂರೇ ಸುತ್ತಿನಲ್ಲಿ 12,000 ರೂಪಾಯಿಯಷ್ಟು ಹೋಯಿತು. ಫೋನ್ ಎತ್ತಲೆಂದೇ ತಿಂಗಳಿಗೆ 9,000 ಕೊಟ್ಟು ಒಬ್ಬ ಹುಡುಗನನ್ನು ಇಟ್ಟುಕೊಂಡೆವು. ಅಷ್ಟಾದರೂ ಖಾತೆಗಳಿಂದ ಆಟದ ನಾಣ್ಯಗಳ ಕಳವು ನಿಲ್ಲಲಿಲ್ಲ. ತಂತ್ರಜ್ಞಾನದ ಮಾನದಂಡ ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ ಈ ಎರಡೂ ಪದ್ಧತಿಗಳು ಬೇಡವೆಂದು 2017ರಲ್ಲಿಯೇ ಹೇಳಿದ್ದನ್ನು ನಾನು ಓದಿದ್ದೆ, ನಂಬಿರಲಿಲ್ಲ.

ಹೊಸ ಖಾತೆಗಳಿಗೆ ಹನ್ನೆರಡು ಅಕ್ಷರವೆಂದರಾಯಿತು, ಹಳೆಯ ಖಾತೆಗಳದ್ದೇ ನಿಜವಾದ ತಲೆನೋವು. ಡೇಟಾಬೇಸ್‌ನಲ್ಲಿರುವುದು ಹ್ಯಾಶ್ (ಪಾಸ್‌ವರ್ಡ್‌ನಿಂದ ಲೆಕ್ಕಹಾಕಿದ, ಹಿಂದಕ್ಕೆ ತಿರುಗಿಸಲಾಗದ ಗುರುತು) ಮಾತ್ರವಾದ್ದರಿಂದ ಯಾರ ಪಾಸ್‌ವರ್ಡ್ ದುರ್ಬಲವೆಂದು ನಮಗೂ ಗೊತ್ತಾಗದು. ಗೊತ್ತಾಗುವುದು ಆಟಗಾರ ಲಾಗಿನ್ ಆಗುವ ಆ ಒಂದು ಕ್ಷಣದಲ್ಲಿ. ಆಗಲೇ ಅದನ್ನು ಸೋರಿಕೆಯಾದ ಪಾಸ್‌ವರ್ಡ್‌ಗಳ ಪಟ್ಟಿಯೊಂದಿಗೆ ಹೋಲಿಸುವ ವ್ಯವಸ್ಥೆ ಮಾಡಿದೆ. ಅಂಥ ಪಟ್ಟಿಯಿಟ್ಟಿರುವ 'ಹ್ಯಾವ್ ಐ ಬೀನ್ ಪೋನ್ಡ್' ಸೇವೆಗೆ ಪಾಸ್‌ವರ್ಡ್‌ನ ಶಾ-1 ಎಂಬ ಬಗೆಯ ಹ್ಯಾಶ್‌ನ ಮೊದಲ 5 ಅಕ್ಷರ ಕಳುಹಿಸಿದರೆ ಸಾಕು, ದುಡ್ಡೂ ಬೇಡ. ಆದರೆ ಆ ಪಟ್ಟಿಗೆ ನಮ್ಮೂರು ಅಷ್ಟಾಗಿ ಗೊತ್ತಿಲ್ಲ. ಹಾಸನಾಂಬ, ಬೇಲೂರು, ಹಳೇಬೀಡುಗಳ ನಾನಾ ಇಂಗ್ಲಿಷ್ ಕಾಗುಣಿತಗಳನ್ನೂ ಕೆಎ-13ರಿಂದ ಆರಂಭವಾಗುವ ಬೈಕ್ ಸಂಖ್ಯೆಗಳನ್ನೂ ನಾನೇ ಸೇರಿಸಿದೆ. ಸಿಕ್ಕಿಬಿದ್ದವರನ್ನು ಹೊರಗೆ ದಬ್ಬಲಿಲ್ಲ, ಆಟವಾಡಲು ಬಿಟ್ಟೆ. ಪಾಸ್‌ವರ್ಡ್ ಬದಲಿಸುವವರೆಗೆ ನಾಣ್ಯ ವರ್ಗಾವಣೆಯನ್ನಷ್ಟೇ ತಡೆಹಿಡಿದೆ. ಆರು ವಾರದಲ್ಲಿ ಹತ್ತರಲ್ಲಿ ಎಂಟು ಮಂದಿ ತಾವಾಗಿಯೇ ಬದಲಿಸಿದರು. ಆಟವನ್ನೇ ಬಿಟ್ಟುಹೋದವರು ಸಾವಿರದ ಆಸುಪಾಸು. ಒಟಿಪಿ ಖರ್ಚು ತಿಂಗಳಿಗೆ 400 ರೂಪಾಯಿಗೆ ಇಳಿಯಿತು, ಫೋನಿನ ಹುಡುಗ ಈಗ ಆಟದ ಚಿತ್ರ ಬಿಡಿಸುತ್ತಾನೆ. ಅಂದಹಾಗೆ, ಮೊದಲ ದಿನವೇ ಸಿಕ್ಕಿಬಿದ್ದ ಬೈಕ್ ಸಂಖ್ಯೆಗಳಲ್ಲಿ ಒಂದು ನನ್ನ ಪಾಲುದಾರರೊಬ್ಬರದ್ದು.

ನಡುವೆ ಕನ್ನಡದಲ್ಲಿಯೇ ಪಾಸ್‌ವರ್ಡ್ ಬರೆಯಲು ಬಿಟ್ಟು ನೋಡಿದೆ. 'ಸ್ತ್ರೀ' ಎಂಬುದು ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿನ ಲಿಪಿಸಂಕೇತ ಪದ್ಧತಿಯಾದ ಯೂನಿಕೋಡ್‌ಗೆ ಆರು ಸಂಕೇತ, ಉಳಿಸಿಡಲು 18 ಬೈಟ್. ಹ್ಯಾಶ್ ಮಾಡಲು ನಾವು ಬಳಸುತ್ತಿದ್ದ ಬಿಕ್ರಿಪ್ಟ್ ವಿಧಾನ 72 ಬೈಟ್‌ನ ಆಚೆಗೆ ನೋಡುವುದೇ ಇಲ್ಲವಾದ್ದರಿಂದ, ಅಂಥ ನಾಲ್ಕು ಅಕ್ಷರಗಳ ನಂತರ ಏನು ಬರೆದರೂ ಬಾಗಿಲು ತೆರೆಯುತ್ತಿತ್ತು. ಲಾಗಿನ್ ಆದವರನ್ನು ಆದಂತೆಲ್ಲ ಆ ಮಿತಿಯಿಲ್ಲದ ಆರ್ಗಾನ್2 ವಿಧಾನಕ್ಕೆ ಬದಲಾಯಿಸಿದೆ. ಇಷ್ಟಾದರೂ ಒಂದು ಫೋನಿನಲ್ಲಿ ಬರೆದ 'ಕೋ' ಇನ್ನೊಂದರಲ್ಲಿ ಹೊಂದುತ್ತಿರಲಿಲ್ಲ, ಏಕೆಂದರೆ ಆ ಓಕಾರವನ್ನು ಒಂದೇ ಸಂಕೇತವಾಗಿಯೂ ಮೂರು ತುಂಡಾಗಿಯೂ ಬರೆಯಬಹುದು. ಹ್ಯಾಶ್ ಮಾಡುವ ಮುನ್ನ ತುಂಡುಗಳನ್ನು ಕೂಡಿಸಿ ಒಂದೇ ಬಗೆ ಮಾಡುವ ಎನ್‌ಎಫ್‌ಸಿ ಎಂಬ ಯೂನಿಕೋಡ್ ರೂಪಕ್ಕೆ ತಂದ ಮೇಲೆ ಸರಿಹೋಯಿತು. ಕನ್ನಡದಲ್ಲಿ ಪಾಸ್‌ವರ್ಡ್ ಇಟ್ಟವರು ಸದ್ಯ ಮುನ್ನೂರರಷ್ಟಿದ್ದಾರೆ, ಅವರಲ್ಲಿ ಒಬ್ಬರ ನಾಣ್ಯವೂ ಈವರೆಗೆ ಕಳುವಾಗಿಲ್ಲ.