ಫರ್ನೇಸಿನ ಹೊಗೆಗೆ ಬಣ್ಣ ಬಂದದ್ದೆಲ್ಲಿಂದ

ಬೆಳಗಾವಿಯ ಒಂದು ಫೌಂಡ್ರಿಯಲ್ಲಿ, ಅಂದರೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಮೆಲ್ಟಿಂಗ್ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮದು ಅರ್ಧ ಟನ್ನಿನ ಇಂಡಕ್ಷನ್ ಫರ್ನೇಸ್, ವಿದ್ಯುತ್ತಿನಿಂದ ಕರಗಿಸುವ ಕುಲುಮೆ. ಹಳೆಯ ಮಾದರಿಯ ಕ್ಯುಪೋಲಾ ಕುಲುಮೆಯಂತೆ ಇದರಲ್ಲಿ ಕೋಕ್ ಉರಿಯುವುದಿಲ್ಲವಲ್ಲ, ಧೂಳಿನ ಚಿಂತೆಯಿಲ್ಲ ಎಂದೇ ನಂಬಿದ್ದೆ.

ಒಂದು ಬೆಳಿಗ್ಗೆ ಮೆಲ್ಟರ್ ಬಂದು, "ಸಾಹೇಬ್ರ, ರಾತ್ರಿ ಥಂಡಿ ಹತ್ತಿ ಮೈಯೆಲ್ಲಾ ನಡಗ್ತು, ಬಾಯಾಗ ಏನೋ ಲೋಹದ ರುಚಿ. ಈಗ ಆರಾಮದೀನಿ ನೋಡ್ರಿ" ಅಂದ. ನಾನು ಮಲೇರಿಯಾ ಇರಬೇಕೆಂದು ಸುಮ್ಮನಾದೆ. ಅದು ನನ್ನ ತಪ್ಪು. ಮರುವಾರ ಇನ್ನೊಬ್ಬನಿಗೂ ಹಾಗೇ ಆದಾಗ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಸತು ಏನಾದರೂ ಕರಗಿಸುತ್ತೀರಾ?"

ನಾವು ಸತು ಕರಗಿಸುತ್ತಿರಲಿಲ್ಲ. ಆದರೆ ಕರಗಿಸಲು ತಂದ ಗುಜರಿಯಲ್ಲಿ ಜಿಐ ಶೀಟಿನ, ಅಂದರೆ ಸತು ಲೇಪಿಸಿದ ತಗಡಿನ, ತುಂಡುಗಳಿದ್ದವು. ಸತು ಕುದಿಯುವುದು 907 ಡಿಗ್ರಿಗೆ. ನಮ್ಮ ಕಬ್ಬಿಣ 1400 ದಾಟಿರುತ್ತದೆ. ಶೀಟು ಬಿದ್ದ ಕೂಡಲೇ ಸತು ಆವಿಯಾಗಿ, ಗಾಳಿ ತಗುಲಿ ಬಿಳಿ ಪುಡಿಯಾಗುತ್ತದೆ. ಕಣ ಒಂದು ಮೈಕ್ರಾನಿಗಿಂತಲೂ ಸಣ್ಣದು, ನೇರ ಶ್ವಾಸಕೋಶದ ಆಳಕ್ಕೆ.

ಆಮೇಲೆ ದಿನಗಟ್ಟಲೆ ಫರ್ನೇಸಿನ ಪಕ್ಕದಲ್ಲೇ ನಿಂತು ಹೊಗೆ ನೋಡಿದೆ. ಎಣ್ಣೆ ಅಂಟಿದ ಬೋರಿಂಗ್ (ಯಂತ್ರದಲ್ಲಿ ಕೊರೆದಾಗ ಬೀಳುವ ಲೋಹದ ಚೂರು) ಸುರಿದರೆ ಕಪ್ಪು. ತುಕ್ಕು ಹೆಚ್ಚಿದ್ದರೆ ಕಂದು. ಎಸ್‌ಜಿ ಐರನ್ ಎಂಬ ಗಟ್ಟಿ ಬಗೆಯ ಎರಕದ ಕಬ್ಬಿಣಕ್ಕೆ ಮೆಗ್ನೀಸಿಯಂ ಸೇರಿಸುವಾಗ ಕಣ್ಣು ಕುಕ್ಕುವ ಬೆಳಕಿನ ಜೊತೆ ದಟ್ಟ ಬಿಳುಪು. ರನ್ನರ್, ರೈಸರ್‌ಗಳಿಗೆ (ಎರಕದಿಂದ ಕತ್ತರಿಸಿ ತೆಗೆದು ಮತ್ತೆ ಕರಗಿಸುವ ತುಂಡುಗಳಿಗೆ) ಅಂಟಿದ ಅಚ್ಚಿನ ಮರಳು ಮಾತ್ರ ದಪ್ಪ ಧೂಳಾಗಿ ಅಲ್ಲೇ ಕೆಳಗೆ ಬೀಳುತ್ತಿತ್ತು. ಗಾಳಿ ಸುತ್ತಿಸಿ ಧೂಳು ಬೇರ್ಪಡಿಸುವ ನಮ್ಮ ಸೈಕ್ಲೋನ್ ಹಿಡಿಯುತ್ತಿದ್ದದ್ದೂ ಅದನ್ನೇ. ಸಣ್ಣದು ಅದರ ಕೈಗೆ ಸಿಗುತ್ತಲೇ ಇರಲಿಲ್ಲ.

ಬಟ್ಟೆ ಚೀಲಗಳಲ್ಲಿ ಹೊಗೆ ಸೋಸುವ ಬ್ಯಾಗ್ ಫಿಲ್ಟರ್ ಹಾಕಿಸಿದೆವು. ಅದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಗುಜರಿ ಅಂಗಳದ ಕೆಲಸ: ಜಿಐ ಮತ್ತು ಬಣ್ಣ ಬಳಿದ ತುಂಡು ಬೇರೆ ಇಡಿಸಿದೆ, ಬೋರಿಂಗಿನ ಎಣ್ಣೆ ಸೋರಲು ಬಿಟ್ಟೆ, ರನ್ನರ್‌ಗಳ ಮರಳು ಉದುರುವಂತೆ ಶಾಟ್ ಬ್ಲಾಸ್ಟ್ (ಸಣ್ಣ ಉಕ್ಕಿನ ಗುಂಡುಗಳ ಹೊಡೆತ) ಮಾಡಿಸಿದೆ. ಗುಜರಿ ವ್ಯಾಪಾರಿಯ ಜೊತೆ ಜಗಳವೇ ಆಯಿತು, ದರವೂ ಏರಿತು. ಆದರೂ ಬಿಡಲಿಲ್ಲ. ಹೊಗೆ ಏಳುವುದು ಹೆಚ್ಚಾಗಿ ಚಾರ್ಜ್ ಮಾಡುವಾಗ, ಅಂದರೆ ಗುಜರಿ ತುಂಬುವಾಗ, ಮುಚ್ಚಳ ತೆಗೆದಾಗ. ಹಾಗಾಗಿ ತಲೆಯ ಮೇಲೆ ತೂಗುತ್ತಿದ್ದ, ಹೊಗೆ ಎಳೆದುಕೊಳ್ಳುವ ಹುಡ್ಡನ್ನು ಫರ್ನೇಸಿನ ಬಾಯಿಯ ಪಕ್ಕಕ್ಕೇ ತಂದೆವು.

ನನ್ನನ್ನು ಇಂದಿಗೂ ಕಾಡುವುದು ಬಣ್ಣವೇ ಇಲ್ಲದ ಧೂಳು. ಫರ್ನೇಸಿನ ಒಳಗೋಡೆಯ ಹಳೆಯ ಲೈನಿಂಗ್ ಒಡೆಯುವಾಗ ಏಳುವ, ಶ್ವಾಸಕೋಶ ಕೆಡಿಸುವ ಸಿಲಿಕಾ ಅದು. ಕಾದು ಕಾದು ಇನ್ನಷ್ಟು ಕೆಟ್ಟದ್ದಾಗಿರುತ್ತದೆ. ಎಷ್ಟೋ ವರ್ಷ ಹುಡುಗರು ಬರಿಯ ಟವೆಲ್ ಕಟ್ಟಿಕೊಂಡು ಒಡೆದರು. ಈಗ ಲೈನಿಂಗ್ ಒಡೆಯುವ ದಿನ ಎಲ್ಲರ ಮಾಸ್ಕನ್ನೂ ನಾನೇ ನಿಂತು ನೋಡಿ, ಆಮೇಲೆಯೇ ಹ್ಯಾಮರ್ ಎತ್ತಲು ಬಿಡುತ್ತೇನೆ.