ಕೊಡಚಾದ್ರಿಗೆ ದೇಣಿಗೆ ಚಾರಣ: ನಾವು ತಯಾರಾಗುವ ಬಗೆ

ಕೊಡಚಾದ್ರಿಯ ಎತ್ತರ 1343 ಮೀಟರ್. ಮೇಲೆ ಭಟ್ಟರ ಮನೆಯ ಹತ್ತಿರದವರೆಗೂ ಜೀಪು ಹೋಗುತ್ತದೆ. ಹಾಗಾಗಿ ಬೆಟ್ಟ ಹತ್ತಿ ಶಾಲೆಗೆ ದುಡ್ಡು ಕೂಡಿಸುತ್ತೇವೆ ಅಂದರೆ ಜನ ಮೊದಲು ಕೇಳುವುದು, ‘ಜೀಪಲ್ಲೋ, ನಡೆದೋ?’ ನಡೆದೇ ಎಂದು ತೀರ್ಮಾನವಾದರೆ ಮೂರು ತಿಂಗಳು ಮೊದಲೇ ಕೆಲಸ ಶುರು ಮಾಡಬೇಕು.

ದಿನ ಗೊತ್ತು ಮಾಡುವಾಗ ನಮ್ಮ ಆಯ್ಕೆ ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ. ಮಳೆಗಾಲದಲ್ಲಿ ಹಿಡ್ಲುಮನೆ ಜಲಪಾತದ ಪಕ್ಕದ ದಾರಿಯ ಬಂಡೆಗಳೆಲ್ಲ ಹಾವಸೆ ಕಟ್ಟಿ ಜಾರುತ್ತವೆ, ಹೊಸಬರನ್ನು ಅಲ್ಲಿ ಹತ್ತಿಸುವುದು ಬೇಡವೇ ಬೇಡ. ಫೆಬ್ರವರಿ ಬಂತೆಂದರೆ ಕಾಡಿನ ಬೆಂಕಿಯ ಭಯ, ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸುವುದುಂಟು. ಬೆಟ್ಟ ಮೂಕಾಂಬಿಕಾ ವನ್ಯಜೀವಿಧಾಮದ ವ್ಯಾಪ್ತಿಯದು. ಈಗ ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಇದೆ. ಆದ್ದರಿಂದ ದೇಣಿಗೆ ಕೇಳುವ ಪತ್ರದಲ್ಲಿ ದಿನಾಂಕ ಅಚ್ಚು ಹಾಕಿಸುವ ಮೊದಲು ಟಿಕೆಟ್ ಕೈಯಲ್ಲಿರಬೇಕು.

ಹಣದ ವಿಷಯದಲ್ಲಿ ನಮ್ಮದು ಒಂದೇ ಕಟ್ಟುನಿಟ್ಟು: ಕೂಡಿಸಿದ ದುಡ್ಡು ನಮ್ಮ ಕೈ ಮುಟ್ಟಬಾರದು. ಗುಂಪಿನ ಒಬ್ಬರ ಫೋನ್ ನಂಬರಿಗೆ ಎಲ್ಲರೂ ಯುಪಿಐ ಮಾಡಿದರೆ ಅದು ಅವರ ಮನೆ ಖರ್ಚಿನೊಂದಿಗೆ ಕಲಸಿಹೋಗುತ್ತದೆ. ಆಮೇಲೆ ಬಿಡಿಸಿ ತೋರಿಸುವುದು ತಲೆನೋವು, ಸ್ನೇಹಕ್ಕೂ ಹಾಳು. ದಾನಿಗಳು ನೇರವಾಗಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಖಾತೆಗೆ ಹಾಕುತ್ತಾರೆ, ವಹಿವಾಟಿನ ಸಂಖ್ಯೆಯನ್ನು ಮಾತ್ರ ನಮಗೆ ಕಳಿಸುತ್ತಾರೆ. ಶಾಲೆಗೆ ಏನು ಬೇಕೆಂದು ಮುಖ್ಯಶಿಕ್ಷಕರಿಂದ ಬರಹದಲ್ಲಿ ಪಡೆಯಿರಿ, ಅದಕ್ಕೆ ಎರಡು ಅಂಗಡಿಯ ಕೊಟೇಶನ್ ಇರಲಿ. ‘ಶಾಲೆಗೆ ಸಹಾಯ’ ಎಂದರೆ ನೂರು ರೂಪಾಯಿ ಹುಟ್ಟುವ ಕಡೆ, ‘ನಲಿಕಲಿ ಕೊಠಡಿಗೆ ನಾಲ್ಕು ಮೇಜು’ ಎಂದರೆ ಐನೂರು ಹುಟ್ಟುತ್ತದೆ. ತೆರಿಗೆ ವಿನಾಯಿತಿ ಕೇಳುವವರಿಗೆ ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ: 80ಜಿ ರಸೀದಿ ಕೊಡಲು ಆ ನೋಂದಣಿ ಇರುವ ಸಂಸ್ಥೆಗೆ ಮಾತ್ರ ಸಾಧ್ಯ, ಗೆಳೆಯರ ಗುಂಪಿಗೆ ಅಲ್ಲ.

ಕಿಲೋಮೀಟರಿಗೆ ಇಷ್ಟು ಎಂಬ ವಾಗ್ದಾನವನ್ನು ನಾವು ಒಪ್ಪುವುದಿಲ್ಲ. ಕಾಲು ಉಳುಕಿದವನು ದುಡ್ಡು ತಪ್ಪುತ್ತದೆಂದು ನಡೆಯುತ್ತಲೇ ಇರುತ್ತಾನೆ. ಒಬ್ಬರಿಗೆ ಇಷ್ಟೆಂದು ನಿಗದಿ ಮಾಡಿ, ಅರ್ಧದಿಂದ ವಾಪಸ್ ಬಂದರೂ ಅದೇ ಮೊತ್ತ. ಟೆಂಪೊ ಟ್ರಾವೆಲರ್ ಬಾಡಿಗೆ, ಪ್ರವೇಶ ಶುಲ್ಕ, ಊಟ ಎಲ್ಲವೂ ನಡೆಯುವವರ ಸ್ವಂತ ಜೇಬಿನದು.

ಇನ್ನು ಕಾಲಿನ ತಯಾರಿ. ಶಿವಮೊಗ್ಗ ಪೇಟೆ ಸಮತಟ್ಟು, ತುಂಗೆಯ ದಂಡೆಯಲ್ಲಿ ಬೆಳಿಗ್ಗೆ ಎಷ್ಟು ನಡೆದರೂ ಬೆಟ್ಟಕ್ಕೆ ಬೇಕಾದ ಸ್ನಾಯು ಬೆಳೆಯುವುದಿಲ್ಲ. ಮೂರು ಅಂತಸ್ತಿನ ಕಟ್ಟಡ ಸಾಕು. ಒಂದು ಅಂತಸ್ತಿಗೆ 3 ಮೀಟರ್ ಎಂದರೆ ಒಂದು ಸುತ್ತಿಗೆ 9 ಮೀಟರ್, ಇಪ್ಪತ್ತು ಸುತ್ತಿಗೆ 180 ಮೀಟರ್ ಏರು. ವಾರಕ್ಕೆ ಮೂರು ದಿನ, ಮೊದಲ ವಾರ ಆರು ಸುತ್ತಿನಿಂದ ಶುರು ಮಾಡಿ ವಾರಕ್ಕೆರಡು ಸುತ್ತು ಏರಿಸುತ್ತೇವೆ. ಲಿಫ್ಟ್ ಇದ್ದರೂ ಇಳಿಯುವಾಗ ಹತ್ತಬೇಡಿ. ತರಬೇತಿಯ ಮುಖ್ಯ ಭಾಗವೇ ಇಳಿಯುವುದು. ಹತ್ತುವಾಗ ಉಸಿರು ಕಟ್ಟುತ್ತದೆ, ನಿಂತರೆ ಸರಿಹೋಗುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಅಭ್ಯಾಸವಿಲ್ಲದ ಸ್ನಾಯುವಿನ ನಾರು ಅಲ್ಲೇ ನಲುಗುವುದು, ಮರುದಿನವೋ ಮೂರನೇ ದಿನವೋ ಮೆಟ್ಟಿಲು ಇಳಿಯಲಾಗದೆ ಗೋಡೆ ಹಿಡಿಯುವಂತಾಗುವುದು ಇದರಿಂದಲೇ. ಸೋತ ತೊಡೆ ಭಾರವನ್ನು ಮಂಡಿಗೆ ದಾಟಿಸುತ್ತದೆ. ದಾರಿಯಲ್ಲಿ ಕಾಲು ಎಡವುವುದೂ ಹೆಚ್ಚಾಗಿ ಇಳಿಯುವಾಗಲೇ.

ಆರನೇ ವಾರದಿಂದ ಬೆನ್ನಿಗೆ ಚೀಲ: ಮೊದಲು ಎರಡು ಲೀಟರ್ ನೀರು, ಆಮೇಲೆ ಐದು ಕೆಜಿವರೆಗೆ. ಎಂಟನೇ ವಾರ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಕೋಟೆ ಹತ್ತುವುದು. ಕಲ್ಲು ಹಾಸಿನ ದಾರಿ ಪಾದ ಇಡುವುದನ್ನು ಕಲಿಸುತ್ತದೆ. ಅಲ್ಲೇ ಯಾರು ನಿಧಾನ ಎಂಬುದೂ ಗೊತ್ತಾಗುತ್ತದೆ, ಬೆಟ್ಟದ ದಿನದ ವೇಳೆಯ ಲೆಕ್ಕ ಅವರದ್ದರ ಮೇಲೆ. 5 ಕಿಮೀಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಸ್ಕಾಟ್ಲೆಂಡಿನ ನೈಸ್ಮಿತ್ 1892ರಲ್ಲಿ ಹಾಕಿಕೊಟ್ಟ ಈ ಸೂತ್ರ ಗಟ್ಟಿಗರಿಗೆ. ನಮ್ಮಂಥ ಗುಂಪಿಗೆ ಒಂದೂವರೆ ಪಟ್ಟು ಮಾಡಿ. 8 ಕಿಮೀ, 600 ಮೀಟರ್ ಏರು ಅಂದರೆ ಸೂತ್ರದಲ್ಲಿ ಎರಡೂವರೆ ಗಂಟೆಗೆ ಸ್ವಲ್ಪ ಮೇಲೆ, ನಮಗೆ ನಾಲ್ಕು.

ಕೊನೆಯ ವಾರ ಏನೂ ಬೇಡ, ಸುಮ್ಮನೆ ಓಡಾಡಿಕೊಂಡಿರಿ.

ಶೂ ಬಗ್ಗೆ ಮಲೆನಾಡಿಗೇ ವಿಶೇಷವಾದ ಒಂದು ಮಾತು. ವರ್ಷಗಟ್ಟಲೆ ಅಟ್ಟದಲ್ಲಿಟ್ಟ ಟ್ರೆಕ್ಕಿಂಗ್ ಶೂ ನೋಡಲು ಹೊಸದರಂತೆಯೇ ಇರುತ್ತದೆ, ಬೆಟ್ಟದ ನಡುವೆ ಅಟ್ಟೆ ಕಿತ್ತು ಬರುತ್ತದೆ. ಪಾಲಿಯುರಿಥೇನ್ ಅಟ್ಟೆ ಇಲ್ಲಿನ ತೇವಕ್ಕೆ ಒಳಗೊಳಗೇ ಪುಡಿಯಾಗಿರುತ್ತದೆ. ಹೆಬ್ಬೆರಳಿಂದ ಒತ್ತಿ ನೋಡಿ, ಬಿರುಕು ಕಂಡರೆ ಬೇಡ. ಹೊಸ ಶೂ ಆದರೆ ತರಬೇತಿಯ ನಡಿಗೆಯೆಲ್ಲ ಅದರಲ್ಲೇ ಆಗಲಿ. ಇಳಿಯುವ ಮುನ್ನ ಕಣಕಾಲಿನ ಹತ್ತಿರ ಲೇಸ್ ಬಿಗಿ ಮಾಡದಿದ್ದರೆ ಬೆರಳು ಮುಂದೆ ಗುದ್ದಿ ಉಗುರು ಕಪ್ಪಾಗುತ್ತದೆ. ಹಿಮ್ಮಡಿ ಬಿಸಿಯಾದಂತೆ ಅನ್ನಿಸಿದ ಕ್ಷಣವೇ ನಿಂತು ಟೇಪ್ ಹಾಕಿ, ಬೊಬ್ಬೆ ಎದ್ದ ಮೇಲೆ ಟೇಪ್ ಹಾಕಿ ಸುಖವಿಲ್ಲ.

ತೇವ ಉಳಿದ ಕಡೆ ನವೆಂಬರಿನಲ್ಲೂ ಇಂಬಳ ಸಿಗುತ್ತದೆ. ಪ್ಯಾಂಟನ್ನು ಸಾಕ್ಸ್ ಒಳಗೆ ಸಿಕ್ಕಿಸಿ, ಸಾಕ್ಸಿಗೆ ಹೊಗೆಸೊಪ್ಪು ನೆನೆಸಿದ ನೀರು ಅಥವಾ ಸುಣ್ಣ ಸವರಿ. ಹಳ್ಳ ದಾಟಿದ ಮೇಲೆ ಮತ್ತೆ ಸವರಬೇಕು, ತೊಳೆದುಹೋಗಿರುತ್ತದೆ. ಕಚ್ಚಿಕೊಂಡರೆ ಸಪೂರ ತುದಿಯ ಬುಡಕ್ಕೆ ಉಗುರು ಹಾಕಿ ಪಕ್ಕಕ್ಕೆ ಸರಿಸಿ ಬಿಡಿಸಿ. ರಕ್ತ ಬಹಳ ಹೊತ್ತು ಒಸರುತ್ತದೆ, ಹೆಪ್ಪುಗಟ್ಟದಂತೆ ಅದು ಬಿಟ್ಟ ರಸದ ಪರಿಣಾಮ ಅಷ್ಟೇ.

ಹೆದರಬೇಕಾದ್ದು ಉಣುಗಿಗೆ, ಮಂಗನ ಕಾಯಿಲೆ ಹರಡುವುದು ಅದು ಕಚ್ಚಿಯೇ. ಆ ಕಾಯಿಲೆ ಮೊದಲು ಗೊತ್ತಾದದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದರ ಕಾಲವೂ ನವೆಂಬರಿನಿಂದ ಮೇವರೆಗೆ. ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಸಿಗುವ ಡೀಪಾ ತೈಲವನ್ನು ಕೈಕಾಲಿಗೆ ಹಚ್ಚಿ. ತರಗೆಲೆಯ ಮೇಲೆ ಕೂರಬೇಡಿ, ಬಂಡೆಯ ಮೇಲೆ ಕೂರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಮನೆಗೆ ಬಂದವರೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೈ ಪೂರ್ತಿ ನೋಡಿಕೊಂಡು ಸ್ನಾನ ಮಾಡಿ. ವಾರದೊಳಗೆ ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಬುತ್ತಿಗೆ ಕಾಯಿತುರಿ ಹಾಕಿದ ಚಿತ್ರಾನ್ನ ಬೇಡ, ಮಧ್ಯಾಹ್ನಕ್ಕೆ ಹಳಸುತ್ತದೆ. ಪುಳಿಯೋಗರೆ ತಡೆಯುತ್ತದೆ. ನಡುನಡುವೆ ಹುರಿಗಡಲೆ-ಬೆಲ್ಲ, ಬಾಳೆಹಣ್ಣು. ನೀರು ಒಬ್ಬರಿಗೆ ಮೂರು ಲೀಟರ್, ಅದರಲ್ಲಿ ಒಂದು ಲೀಟರಿಗೆ ಓಆರ್‌ಎಸ್ ಪುಡಿ. ಪುಡಿ ಇಲ್ಲದಿದ್ದರೆ ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟ ಮಾಡಿ ಅಳೆದದ್ದು. ಉಪ್ಪು ಹೆಚ್ಚಾದರೆ ವಾಂತಿ.

ನಡೆಯುವಾಗ ಮುಂದೆ ದಾರಿ ಬಲ್ಲ ಒಬ್ಬ, ಕೊನೆಯಲ್ಲಿ ಔಷಧಿ ಚೀಲ ಹೊತ್ತ ಒಬ್ಬ, ಅವನಿಗಿಂತ ಹಿಂದೆ ಯಾರೂ ಇಲ್ಲ. ಇಬ್ಬರ ಕೊರಳಲ್ಲೂ ಸೀಟಿ. ಫೋನ್ ಸಿಗ್ನಲ್ ನಂಬಬೇಡಿ. ಮಧ್ಯಾಹ್ನ ಒಂದಕ್ಕೆ ಎಲ್ಲಿದ್ದರೂ ಹಿಂದಿರುಗುವುದು. ಡಿಸೆಂಬರಿನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಶೋಲಾ ಕಾಡಿನೊಳಗೆ ಕತ್ತಲೆ ಅದಕ್ಕೂ ಮೊದಲೇ ಇಳಿಯುತ್ತದೆ. ಬೆಟ್ಟದ ತುದಿಯ ಸರ್ವಜ್ಞ ಪೀಠ ಅರ್ಧ ಗಂಟೆಯ ದಾರಿ ಇದ್ದಾಗಲೇ ಈ ನಿಯಮ ಮುರಿಯುವ ಆಸೆಯಾಗುವುದು, ಆಗಲೇ ಅದನ್ನು ಬಿಗಿಯಾಗಿ ಹಿಡಿಯಬೇಕು.

ಬಂದ ಮೇಲೆ ವಾರದೊಳಗೆ ಲೆಕ್ಕ: ಯಾರಿಂದ ಎಷ್ಟು, ಯಾವ ದಿನ, ಎಸ್‌ಡಿಎಂಸಿ ಸಭೆಯ ನಡಾವಳಿಯ ಪ್ರತಿ, ಸಾಮಾನಿನ ಬಿಲ್ಲಿನ ಫೋಟೋ. ಹೆಸರು ಬೇಡ ಅಂದವರನ್ನು ‘ಹಿತೈಷಿ’ ಎಂದು ಬರೆಯುತ್ತೇವೆ. ಕೊಡುತ್ತೇನೆಂದು ಹೇಳಿ ಕೊಡದವರಿಗೆ ಒಂದೇ ಸಲ ನೆನಪಿಸುತ್ತೇವೆ, ಆಮೇಲೆ ಪಟ್ಟಿಯಿಂದ ತೆಗೆದುಬಿಡುತ್ತೇವೆ. ಹಾಗಾಗಿ ಮೇಜಿಗೆ ಆರ್ಡರ್ ಕೊಡುವುದು ಖಾತೆಗೆ ಬಂದ ದುಡ್ಡಿನ ಲೆಕ್ಕದಲ್ಲೇ.